ಮೊದಲು ನಡಿಗೆ ಅಳೆಯಿರಿ: ವೇರ್‌ಹೌಸ್‌ಗೆ ಯಂತ್ರ ತರುವ ಮುನ್ನ ಕೂಲಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ಮಾಲೂರು, ಅತ್ತಿಬೆಲೆ ಕಡೆ ಆನ್‌ಲೈನ್ ಆರ್ಡರ್ ಕಳಿಸುವ ಗೋದಾಮು ನಡೆಸುವವರಿಗೆ ಇವತ್ತಿನ ಮಾತು. ವಿಷಯ ಒಂದೇ: ಆರ್ಡರ್ ಪಿಕ್ ಮಾಡಿ (ಅಂದರೆ ಸಾಮಾನನ್ನು ಅದರ ಜಾಗದಿಂದ ಎತ್ತಿ ತಂದು), ಪ್ಯಾಕ್ ಮಾಡಿ, ಲಾರಿ ಹತ್ತಿಸುವ ಕೆಲಸದಲ್ಲಿ ಕೂಲಿಯ ಖರ್ಚು ಇಳಿಸಲು ಯಂತ್ರ ಹಾಕಬೇಕೆ? ಹಾಕುವುದಾದರೆ ಯಾವುದನ್ನು ಮೊದಲು?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪಿಕಿಂಗ್‌ನಲ್ಲಿ ಯಂತ್ರ ಉಳಿಸಿಕೊಡುವುದು ಬಹುಪಾಲು ನಡಿಗೆಯ ಸಮಯವನ್ನು. ಆ ನಡಿಗೆಯಲ್ಲಿ ದೊಡ್ಡ ಪಾಲನ್ನು ಯಂತ್ರವಿಲ್ಲದೆಯೇ ಇಳಿಸಬಹುದು. ಅಷ್ಟನ್ನು ಇಳಿಸಿದ ಮೇಲೂ ಲೆಕ್ಕ ಕೂಡಿಬಂದರೆ ಮಾತ್ರ ರೋಬೋಟ್ ಕೊಳ್ಳಿ. ನಮ್ಮ ಕೂಲಿ ದರದಲ್ಲಿ ಅದು ಬಹಳ ಕಡೆ ಕೂಡಿಬರುವುದಿಲ್ಲ. ಕೂಡಿಬರುವ ಜಾಗಗಳೂ ಇವೆ, ಅವನ್ನೂ ನೋಡೋಣ.

ಗೋದಾಮಿನ ನಿರ್ವಹಣಾ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 55%, ಆರ್ಡರ್ ಪಿಕಿಂಗ್‌ಗೆ ಹೋಗುತ್ತದೆ ಎಂಬುದು ಈ ಶಾಸ್ತ್ರದ ಪಠ್ಯಗಳಲ್ಲಿ ಬಹುಕಾಲದಿಂದ ಇರುವ ಅಂದಾಜು. ಪಿಕ್ಕರ್‌ನ ಸಮಯವನ್ನು ಬಿಡಿಸಿದರೆ ಅರ್ಧ ನಡಿಗೆಗೆ, 20% ಹುಡುಕುವುದಕ್ಕೆ, 15% ಸಾಮಾನು ಕೈಗೆತ್ತಿಕೊಳ್ಳುವುದಕ್ಕೆ, 10% ಟ್ರಾಲಿ, ಪಟ್ಟಿ ಇತ್ಯಾದಿ ತಯಾರಿಗೆ, ಉಳಿದ 5% ಇತರೆ. ನಿಮ್ಮ ಗೋದಾಮಿನಲ್ಲಿ ಈ ಪಾಲು ಸ್ವಲ್ಪ ಆಚೀಚೆ ಇರಬಹುದು, ಅಳೆದು ನೋಡಬೇಕು. ಅಳೆಯಲು ಹೊಸ ಸಲಕರಣೆ ಏನೂ ಬೇಡ. ಹ್ಯಾಂಡ್‌ಹೆಲ್ಡ್ ಸ್ಕ್ಯಾನರ್ ಪ್ರತಿ ಸ್ಕ್ಯಾನ್‌ಗೂ ಸಮಯ ದಾಖಲಿಸುತ್ತದೆ. ಮೂರು ದಿನದ ಸ್ಕ್ಯಾನ್ ಲಾಗ್ ತೆಗೆದು, ಒಂದು ಬಿನ್‌ನ (ಸಾಮಾನು ಇಡುವ ಖಾನೆಯ) ಸ್ಕ್ಯಾನ್‌ಗೂ ಮುಂದಿನ ಬಿನ್‌ನ ಸ್ಕ್ಯಾನ್‌ಗೂ ನಡುವಿನ ಅಂತರ ನೋಡಿ. ಜೊತೆಗೆ ಪ್ರತಿ ಶಿಫ್ಟ್‌ನಲ್ಲಿ ಇಬ್ಬರು ಪಿಕ್ಕರ್‌ಗಳ ಹಿಂದೆ ಸ್ಟಾಪ್‌ವಾಚ್ ಹಿಡಿದು ಒಂದು ಗಂಟೆ ನಡೆಯಿರಿ. ವೇಗದ ಪಿಕ್ಕರ್ ಒಬ್ಬರು, ಸಾಧಾರಣ ವೇಗದವರು ಒಬ್ಬರು. ವೇಗದವರನ್ನೇ ಅಳೆದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಯಾಕೆ ಅಳೆಯುತ್ತಿದ್ದೇವೆ ಎಂದು ಅವರಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಅವತ್ತಿನ ನಡಿಗೆಯೇ ಬೇರೆಯಾಗಿರುತ್ತದೆ.

ಈಗ ಲೆಕ್ಕಕ್ಕಾಗಿ ಒಂದು ಗೋದಾಮು ಇಟ್ಟುಕೊಳ್ಳೋಣ. ಇದು ಯಾವುದೋ ನಿಜವಾದ ಗೋದಾಮಲ್ಲ. ನಿಮ್ಮ ಸಂಖ್ಯೆಗಳನ್ನು ಹಾಕಿ ಮತ್ತೆ ಮಾಡಬೇಕಾದ ಲೆಕ್ಕ. ದಿನಕ್ಕೆ 12,000 ಆರ್ಡರ್, ಒಟ್ಟು 18,000 ಲೈನ್. ಒಂದು ಆರ್ಡರ್‌ನಲ್ಲಿ ಸೋಪು ಮತ್ತು ಎಣ್ಣೆ ಇದ್ದರೆ ಅದು ಎರಡು ಲೈನ್, ನಾಲ್ಕು ಸೋಪು ಇದ್ದರೆ ಒಂದೇ ಲೈನ್. 15,000 ಬಗೆಯ ಸಾಮಾನು. ಹ್ಯಾಂಡ್‌ಹೆಲ್ಡ್ ಮತ್ತು ಟ್ರಾಲಿ ಹಿಡಿದ ಪಿಕ್ಕರ್ ಗಂಟೆಗೆ 60 ಲೈನ್ ಎತ್ತುತ್ತಾರೆ. ಊಟ, ಟೀ, ಶಿಫ್ಟ್ ಶುರುವಿನ ಮೀಟಿಂಗ್ ಕಳೆದು ಎಂಟು ಗಂಟೆಯ ಶಿಫ್ಟ್‌ನಲ್ಲಿ ಕೆಲಸದ ಸಮಯ ಆರೂವರೆ ಗಂಟೆ. ಅಲ್ಲಿಗೆ ಒಬ್ಬರಿಗೆ 390 ಲೈನ್, ಒಟ್ಟು 47 ಜನ ಹಾಜರಿರಬೇಕು.

ಹಾಜರಿರಬೇಕಾದವರು 47, ಆದರೆ ಸಂಬಳದ ಪಟ್ಟಿಯಲ್ಲಿ 47 ಇದ್ದರೆ ಸಾಲದು. ಗೈರುಹಾಜರಿ 12% ಹಿಡಿಯಿರಿ, ವಾರಕ್ಕೊಂದು ರಜೆ ಸೇರಿಸಿ, 63 ಜನ ಬೇಕು. ಕೊಟೇಶನ್‌ಗಳಲ್ಲಿ ಈ ಹೆಜ್ಜೆಯನ್ನು ಬಿಟ್ಟೇ ಬಿಡುತ್ತಾರೆ. ತಲಾ ಖರ್ಚು ತಿಂಗಳಿಗೆ 22,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದರಲ್ಲಿ ಕೈಗೆ ಬರುವ ಕೂಲಿಯ ಜೊತೆ ಮಾಲೀಕರ ಪಾಲಿನ ಪಿಎಫ್ 13%, ಇಎಸ್‌ಐ 3.25%, ಕನಿಷ್ಠ 8.33% ಬೋನಸ್, ಕಂಟ್ರಾಕ್ಟರ್‌ನ ಸರ್ವಿಸ್ ಚಾರ್ಜ್, ಬಸ್ಸು, ಊಟ ಎಲ್ಲ ಸೇರಿರಬೇಕು. ಪಿಕಿಂಗ್ ಒಂದಕ್ಕೇ ತಿಂಗಳಿಗೆ 13.86 ಲಕ್ಷ, ವರ್ಷಕ್ಕೆ 1.66 ಕೋಟಿ ರೂಪಾಯಿ.

ಗಂಟೆಗೆ 60 ಲೈನ್ ಎಂದರೆ ಒಂದು ಲೈನ್‌ಗೆ 60 ಸೆಕೆಂಡ್. ಮೇಲಿನ ಪಾಲಿನ ಪ್ರಕಾರ 30 ಸೆಕೆಂಡ್ ನಡಿಗೆ, 12 ಸೆಕೆಂಡ್ ಹುಡುಕಾಟ, 9 ಸೆಕೆಂಡ್ ಎತ್ತುವುದು, 6 ತಯಾರಿ, 3 ಇತರೆ. ಟ್ರಾಲಿ ತಳ್ಳಿಕೊಂಡು ಗಂಟೆಗೆ ಮೂರೂವರೆ ಕಿಲೋಮೀಟರ್ ವೇಗ ಹಿಡಿದರೆ ಒಂದು ಶಿಫ್ಟ್‌ನಲ್ಲಿ ಆ ಮನುಷ್ಯ ಹನ್ನೊಂದು ಕಿಲೋಮೀಟರಿಗೂ ಹೆಚ್ಚು ನಡೆಯುತ್ತಾನೆ, ಕಾಂಕ್ರೀಟ್ ನೆಲದ ಮೇಲೆ. ನಾವು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಆ ಒಂಬತ್ತು ಸೆಕೆಂಡಿನ ಕೆಲಸವನ್ನು. ನಡಿಗೆಯಿಂದ ಗಿರಾಕಿಗೂ ಲಾಭವಿಲ್ಲ, ನಡೆಯುವವನಿಗೂ ಇಲ್ಲ.

ಯಂತ್ರವಿಲ್ಲದೆ ಇಳಿಯುವ ಖರ್ಚು

ಮೊದಲ ಕೆಲಸ ಸ್ಲಾಟಿಂಗ್, ಅಂದರೆ ಯಾವ ಸಾಮಾನು ಯಾವ ಬಿನ್‌ನಲ್ಲಿ ಕೂರಬೇಕು ಎಂಬ ತೀರ್ಮಾನ. ಕಳೆದ 60 ದಿನದ ಆರ್ಡರ್ ತೆಗೆದು, ಪ್ರತಿ ಸಾಮಾನು ಎಷ್ಟು ಲೈನ್‌ಗಳಲ್ಲಿ ಬಂದಿದೆ ಎಂದು ಎಣಿಸಿ. ಎಷ್ಟು ಪೀಸು ಮಾರಾಟವಾಯಿತು ಎಂದು ಎಣಿಸಬೇಡಿ, ಎಲ್ಲರೂ ಇಲ್ಲೇ ಎಡವುವುದು. ಒಂದೇ ಆರ್ಡರ್‌ನಲ್ಲಿ 500 ಪೀಸು ಹೋದ ಸಾಮಾನಿಗೆ ಪಿಕ್ಕರ್ ಹೋದದ್ದು ಒಂದೇ ಸಲ. ನಮಗೆ ಬೇಕಾದ್ದು ಹೋಗಿಬಂದ ಸಲಗಳ ಎಣಿಕೆ. ಸಾಮಾನ್ಯವಾಗಿ ಐದನೇ ಒಂದು ಭಾಗದ ಸಾಮಾನು ಐದನೇ ನಾಲ್ಕು ಭಾಗದ ಹತ್ತಿರ ಲೈನ್ ತರುತ್ತದೆ. ಅದನ್ನು ಪ್ಯಾಕಿಂಗ್ ಟೇಬಲ್‌ಗೆ ಹತ್ತಿರ, ಮಂಡಿಗಿಂತ ಮೇಲೆ ಭುಜಕ್ಕಿಂತ ಕೆಳಗೆ, ನೆಲದಿಂದ ಸುಮಾರು 60ರಿಂದ 140 ಸೆಂಟಿಮೀಟರ್ ನಡುವೆ ಇಡಬೇಕು. ಬಗ್ಗಿ ಎತ್ತುವುದಕ್ಕೂ ಸ್ಟೂಲ್ ಎಳೆದು ತರುವುದಕ್ಕೂ ಹೋಗುವ ಸೆಕೆಂಡುಗಳು ಅಲ್ಲಿ ಉಳಿಯುತ್ತವೆ.

ಇದನ್ನು ಉತ್ಸಾಹದಿಂದ ಮಾಡಿದವರು ಬೀಳುವ ಹೊಂಡ ಒಂದಿದೆ. ಓಡುವ ಸಾಮಾನನ್ನೆಲ್ಲ ಒಂದೇ ಸಾಲಿನಲ್ಲಿ ಜೋಡಿಸಿಬಿಡುತ್ತಾರೆ. ಆಗ ಎಲ್ಲ ಟ್ರಾಲಿಗಳೂ ಆ ಒಂದು ಸಾಲಿಗೇ ನುಗ್ಗಿ, ಎದುರುಬದುರು ಸಿಕ್ಕಿಕೊಂಡು, ನಡಿಗೆ ಉಳಿದಷ್ಟೂ ಕಾಯುವುದರಲ್ಲಿ ಹೋಗುತ್ತದೆ. ನಾಲ್ಕೈದು ಸಾಲುಗಳ ಮುಂಬದಿಗೆ ಹಂಚಿ. ತೀರಾ ಓಡುವ ಸಾಮಾನಿಗೆ ಎರಡು ಮೂರು ಬಿನ್ ಕೊಡಿ. ನೋಡಲು ಒಂದೇ ಥರ ಇರುವ ಎರಡನ್ನು, ಉದಾಹರಣೆಗೆ ಒಂದೇ ಶಾಂಪೂವಿನ 180 ಮತ್ತು 340 ಮಿಲಿಲೀಟರ್ ಬಾಟಲಿಯನ್ನು, ಅಕ್ಕಪಕ್ಕ ಇಡಬೇಡಿ. ಎಲ್ಲವನ್ನೂ ಒಂದೇ ಭಾನುವಾರ ಬದಲಿಸಲು ಹೋಗಬೇಡಿ, ಸೋಮವಾರ ಸ್ಟಾಕ್ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ವಾರಕ್ಕೆ 50ರಿಂದ 100 ಬಿನ್ ಬದಲಿಸಿ, ಬದಲಿಸಿದ ಪ್ರತಿಯೊಂದನ್ನೂ ಅದೇ ಗಂಟೆಯಲ್ಲಿ ಸಿಸ್ಟಮ್‌ಗೆ ಹಾಕಿ. ಹಬ್ಬದ ಸೇಲ್‌ಗೆ ಬರುವ ಸಾಮಾನು ಹತ್ತು ದಿನ ಮೊದಲೇ ಮುಂದಕ್ಕೆ ಬರಲಿ.

ಹುಡುಕಾಟದ ಹನ್ನೆರಡು ಸೆಕೆಂಡಿಗೆ ಮದ್ದು ಇನ್ನೂ ಅಗ್ಗ. ಬಿನ್ ಲೇಬಲ್ ದೊಡ್ಡ ಅಕ್ಷರದಲ್ಲಿರಲಿ, ಮಾಸಿದ್ದನ್ನು ಬದಲಿಸಿ, ಒಂದು ಬಿನ್‌ನಲ್ಲಿ ಐದಾರು ಬಗೆಯ ಸಾಮಾನು ತುರುಕುವುದನ್ನು ನಿಲ್ಲಿಸಿ, ಹ್ಯಾಂಡ್‌ಹೆಲ್ಡ್ ಪರದೆಯಲ್ಲಿ ಸಾಮಾನಿನ ಫೋಟೋ ಬರಲಿ. ಕನ್ನಡ, ಹಿಂದಿ, ಒಡಿಯಾ ಎಲ್ಲ ಮಾತಾಡುವವರು ಇರುವ ನೆಲದಲ್ಲಿ ಫೋಟೋ ಎಲ್ಲರಿಗೂ ಅರ್ಥವಾಗುತ್ತದೆ.

ಇಷ್ಟರಿಂದ ನಡಿಗೆ 30ರಿಂದ 20 ಸೆಕೆಂಡಿಗೆ, ಹುಡುಕಾಟ 12ರಿಂದ 7ಕ್ಕೆ ಇಳಿಯಿತು ಎಂದಿಟ್ಟುಕೊಂಡರೆ ಲೈನ್‌ಗೆ 45 ಸೆಕೆಂಡ್, ಗಂಟೆಗೆ 80 ಲೈನ್. ಹಾಜರಿರಬೇಕಾದವರು 35, ಪಟ್ಟಿಯಲ್ಲಿ 47. ಹದಿನಾರು ಜನರ ಖರ್ಚು, ವರ್ಷಕ್ಕೆ 42 ಲಕ್ಷ, ಒಂದು ಮೋಟರ್ ಕೂಡ ಕೊಳ್ಳದೆ ಇಳಿಯಿತು.

ಎರಡನೆಯದು ಒಂದೇ ಲೈನ್ ಇರುವ ಆರ್ಡರ್‌ಗಳನ್ನು ಬೇರೆ ಮಾಡುವುದು. ನಮ್ಮ 12,000 ಆರ್ಡರ್‌ಗಳಲ್ಲಿ 65%, ಅಂದರೆ 7,800 ಆರ್ಡರ್, ಒಂದೇ ಲೈನ್‌ನವು ಎಂದು ಹಿಡಿಯಿರಿ. ಇವುಗಳಿಗೆ ಇಂಥ ಆರ್ಡರ್‌ಗೆ ಇಂಥ ಕ್ರೇಟ್ ಎಂದು ಜೋಡಿಸಿಕೊಂಡು ಓಡಾಡುವ ಅಗತ್ಯವೇ ಇಲ್ಲ. ನಲವತ್ತು ಆರ್ಡರ್‌ನ ಸಾಮಾನನ್ನು ಒಂದೇ ಸುತ್ತಿನಲ್ಲಿ ಒಂದೇ ಕ್ರೇಟ್‌ಗೆ ತುಂಬಿ ಪ್ಯಾಕಿಂಗ್ ಟೇಬಲ್‌ಗೆ ಕಳಿಸಿ. ಅಲ್ಲಿ ಪ್ಯಾಕರ್ ಸಾಮಾನಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದ ಕೂಡಲೇ ಆ ಸಾಮಾನು ಬೇಕಾದ ಯಾವುದಾದರೂ ಒಂದು ಆರ್ಡರ್‌ನ ಲೇಬಲ್ ಪ್ರಿಂಟ್ ಆಗಬೇಕು. ಇದಕ್ಕೆ ಬೇಕಾದ್ದು ಸಾಫ್ಟ್‌ವೇರ್‌ನ ಒಂದು ಬದಲಾವಣೆ. ಅದು ಇಲ್ಲದ ಗೋದಾಮುಗಳು ಇನ್ನೂ ಬೇಕಾದಷ್ಟಿವೆ.

ಉಳಿದ 4,200 ಆರ್ಡರ್‌ಗಳ 10,200 ಲೈನ್‌ಗೆ ಮೊದಲ ಯಂತ್ರ ಬರಬಹುದು: ಪುಟ್ ವಾಲ್. ಗೂಡುಗೂಡಾಗಿರುವ ಒಂದು ಕಪಾಟು, ಒಂದೊಂದು ಗೂಡು ಒಂದೊಂದು ಆರ್ಡರ್‌ಗೆ, ಗೂಡಿನ ಮುಂದೆ ದೀಪ. ಪಿಕ್ಕರ್ ಹಲವು ಆರ್ಡರ್‌ಗಳ ಸಾಮಾನನ್ನು ಒಟ್ಟಿಗೆ ತರುತ್ತಾರೆ. ಇಲ್ಲಿ ನಿಂತವರು ಸ್ಕ್ಯಾನ್ ಮಾಡಿದಾಗ ಯಾವ ಗೂಡಿನ ದೀಪ ಹತ್ತುತ್ತದೋ ಅಲ್ಲಿಗೆ ಹಾಕಿ ಗುಂಡಿ ಒತ್ತುತ್ತಾರೆ. ಆರ್ಡರ್ ಪೂರ್ತಿಯಾದಾಗ ಹಿಂಬದಿಯ ದೀಪ ಹತ್ತಿ, ಪ್ಯಾಕರ್ ಹಿಂದಿನಿಂದ ತೆಗೆದುಕೊಳ್ಳುತ್ತಾರೆ. ಹೊಸಬರಿಗೆ ಅರ್ಧ ಗಂಟೆಯಲ್ಲಿ ಕಲಿಸಬಹುದು.

ಒಟ್ಟಿಗೆ ಎತ್ತುವುದರಿಂದ ಪಿಕಿಂಗ್ ಗಂಟೆಗೆ 140 ಲೈನ್ ಮುಟ್ಟಿದರೆ 20 ಜನ ಸಾಕು. ಗೋಡೆಯ ಮುಂದೆ ಗಂಟೆಗೆ 250ರಂತೆ 7 ಜನ. ಒಟ್ಟು 27, ಪಟ್ಟಿಯಲ್ಲಿ 36. ಇನ್ನೂ ಹನ್ನೊಂದು ಜನರ ಖರ್ಚು, ವರ್ಷಕ್ಕೆ 29 ಲಕ್ಷ ಇಳಿಯಿತು. ನಾಲ್ಕು ಗೋಡೆಗಳಿಗೆ, ಸಾಫ್ಟ್‌ವೇರ್ ಸೇರಿ, 40 ಲಕ್ಷ ಎಂದಿಟ್ಟುಕೊಂಡು, ವರ್ಷಕ್ಕೆ 4 ಲಕ್ಷ ನಿರ್ವಹಣೆ ಕಳೆದರೂ ಎರಡು ವರ್ಷದೊಳಗೆ ಹಣ ವಾಪಸ್. ಒಂದು ಎಚ್ಚರಿಕೆ: ಒಂದೇ ಲೈನ್‌ನ ಆರ್ಡರ್‌ಗಳನ್ನೂ ಗೋಡೆಗೆ ಕಳಿಸಿದರೆ ಈ ಲಾಭ ಕರಗಿಹೋಗುತ್ತದೆ. 18,000 ಲೈನನ್ನೂ ಗೋಡೆಯ ಮೇಲೆ ಹಾಯಿಸಲು 12 ಜನ ಬೇಕು, ಆಗ ಒಟ್ಟು 32. ಇದ್ದ 35ಕ್ಕೂ ಅದಕ್ಕೂ ಮೂರೇ ಜನರ ವ್ಯತ್ಯಾಸ.

ರೋಬೋಟ್‌ನ ಲೆಕ್ಕ

ಸಾಮಾನಿನ ರ್‍ಯಾಕನ್ನೇ ಹೊತ್ತು ಮನುಷ್ಯನ ಬಳಿಗೆ ತರುವ ರೋಬೋಟ್‌ಗಳ ಕಲ್ಪನೆ ಹುಟ್ಟಿದ್ದು ಒಂದು ಸೋಲಿನಿಂದ. ಅಮೆರಿಕದ ವೆಬ್‌ವ್ಯಾನ್ ಕಂಪನಿ ಮನೆಬಾಗಿಲಿಗೆ ದಿನಸಿ ಕಳಿಸಲು ಕನ್ವೇಯರ್ ತುಂಬಿದ ಭಾರೀ ಗೋದಾಮುಗಳನ್ನು ಕಟ್ಟಿತು. ಅಂಥ 26 ಗೋದಾಮುಗಳಿಗಾಗಿ 1999ರಲ್ಲಿ ಬೆಕ್ಟೆಲ್ ಎಂಬ ನಿರ್ಮಾಣ ಕಂಪನಿಯ ಜೊತೆ ನೂರು ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಯಂತ್ರ ಮೊದಲು ಬಂತು, ಅದನ್ನು ತುಂಬಿಸುವಷ್ಟು ಆರ್ಡರ್ ಬರಲಿಲ್ಲ. 2001ರ ಜುಲೈನಲ್ಲಿ ಕಂಪನಿ ದಿವಾಳಿಯಾಯಿತು. ಅಲ್ಲಿ ಕೆಲಸ ಮಾಡಿದ್ದ ಮಿಕ್ ಮೌಂಟ್ಜ್ 2003ರಲ್ಲಿ ಕಿವಾ ಸಿಸ್ಟಮ್ಸ್ ಶುರುಮಾಡಿದರು. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಕನ್ವೇಯರ್ ಬದಲು, ಬೇಕಾದಷ್ಟು ಮಾತ್ರ ಕೊಂಡು ಆಮೇಲೆ ಸೇರಿಸಿಕೊಳ್ಳಬಹುದಾದ ರೋಬೋಟ್‌ಗಳು. 2012ರಲ್ಲಿ ಅಮೆಜಾನ್ ಆ ಕಂಪನಿಯನ್ನು 77.5 ಕೋಟಿ ಡಾಲರಿಗೆ ಕೊಂಡಿತು. ಇವತ್ತು ಇಲ್ಲೇ ತಯಾರಾಗುವವೂ ಸಿಗುತ್ತವೆ. 2011ರಲ್ಲಿ ಶುರುವಾದ ಗ್ರೇಆರೆಂಜ್, 2016ರಲ್ಲಿ ನೋಯ್ಡಾದಲ್ಲಿ ಶುರುವಾದ ಆಡ್‌ವರ್ಬ್ ಇದೇ ಕ್ಷೇತ್ರದವು.

ಈ ವ್ಯವಸ್ಥೆಯಲ್ಲಿ ನಡಿಗೆ ಸೊನ್ನೆ. ದೀಪ ಜಾಗ ತೋರಿಸುವುದರಿಂದ ಹುಡುಕಾಟ 3 ಸೆಕೆಂಡ್, ಎತ್ತುವುದು ಅದೇ 9, ರ್‍ಯಾಕ್ ಬದಲಾಗಲು ಕಾಯುವುದೂ ಸೇರಿ 6. ಒಟ್ಟು 18 ಸೆಕೆಂಡ್, ಗಂಟೆಗೆ 200 ಲೈನ್. ಬ್ರೋಷರ್‌ನಲ್ಲಿ 300, 400 ಇರಬಹುದು. ಅದು ರ್‍ಯಾಕ್ ಒಂದು ಕ್ಷಣವೂ ತಡವಾಗದೆ ಬಂದು ನಿಂತಾಗಿನ ಸಂಖ್ಯೆ. ಎರಡು ಶಿಫ್ಟ್‌ನ 13 ಗಂಟೆಯಲ್ಲಿ 18,000 ಲೈನ್ ಎಂದರೆ ಗಂಟೆಗೆ 1,385. ಅಷ್ಟಕ್ಕೆ ಏಳು ಸ್ಟೇಷನ್, ಅಂದರೆ ಪಿಕ್ಕರ್ ನಿಂತು ಸಾಮಾನು ಎತ್ತುವ ಜಾಗ, ಬೇಕು.

ರೋಬೋಟ್ ಎಷ್ಟು ಬೇಕು? ಇಲ್ಲಿ ಒಂದು ಸಂಖ್ಯೆಯನ್ನು ಹತ್ತಿರದಿಂದ ನೋಡಬೇಕು: ಒಂದು ರ್‍ಯಾಕ್ ಒಂದು ಸಲ ಬಂದು ನಿಂತಾಗ ಅದರಿಂದ ಎಷ್ಟು ಲೈನ್ ಎತ್ತುತ್ತೇವೆ? ಒಂದೂವರೆ ಎಂದಾದರೆ ಗಂಟೆಗೆ 200 ಲೈನ್‌ಗೆ 133 ರ್‍ಯಾಕ್ ಬರಬೇಕು. ಒಂದು ರೋಬೋಟ್ ಹೋಗಿ, ಎತ್ತಿಕೊಂಡು, ಸಾಲಿನಲ್ಲಿ ಕಾದು, ವಾಪಸ್ ಇಟ್ಟು ಬರಲು ಮೂರು ನಿಮಿಷ ಹಿಡಿದರೆ ಗಂಟೆಗೆ 20 ಸುತ್ತು. ಏಳು ಸ್ಟೇಷನ್‌ಗೆ 47 ರೋಬೋಟ್, ಚಾರ್ಜಿಂಗ್ ಮತ್ತು ರಿಪೇರಿಗೆ 15% ಸೇರಿಸಿ 54. ಅದೇ ಒಂದು ಸಲಕ್ಕೆ ಎರಡು ಲೈನ್ ಸಿಕ್ಕರೆ 100 ರ್‍ಯಾಕ್ ಸಾಕು, ಚಾರ್ಜಿಂಗ್ ಪಾಲೂ ಸೇರಿ 41 ರೋಬೋಟ್. ಜೊತೆಯಾಗಿ ಮಾರಾಟವಾಗುವ ಸಾಮಾನನ್ನು ಒಂದೇ ರ್‍ಯಾಕ್‌ನಲ್ಲಿ ಇಡುವ ಜಾಣತನಕ್ಕೆ ಹದಿಮೂರು ರೋಬೋಟ್‌ನ ಬೆಲೆ. ಹೊಸ ಸ್ಟಾಕ್ ಬಂದಾಗ ಖಾಲಿ ಇರುವ ರ್‍ಯಾಕ್‌ಗೆ ಸುಮ್ಮನೆ ತುಂಬಿಸಿಬಿಡುವ ಗೋದಾಮಿನಲ್ಲಿ ಈ ಸಂಖ್ಯೆ ತಿಂಗಳು ತಿಂಗಳಿಗೆ ಕುಸಿಯುತ್ತಾ ಹೋಗುತ್ತದೆ. ರೋಬೋಟ್ ಓಡುತ್ತಲೇ ಇರುತ್ತವೆ, ಸ್ಟೇಷನ್‌ನಲ್ಲಿ ನಿಂತವರು ಮಾತ್ರ ಕಾಯುತ್ತಿರುತ್ತಾರೆ.

ಈಗ ಹಣ. 54 ರೋಬೋಟ್, ರ್‍ಯಾಕ್, ಸ್ಟೇಷನ್, ಸಾಫ್ಟ್‌ವೇರ್, ನೆಲದ ಕೆಲಸ ಎಲ್ಲ ಸೇರಿ 6 ಕೋಟಿ ಎಂದಿಟ್ಟುಕೊಳ್ಳೋಣ. ವಾರ್ಷಿಕ ನಿರ್ವಹಣೆ 8%, ಅಂದರೆ 48 ಲಕ್ಷ. ತಿಂಗಳಿಗೆ 40,000 ಸಂಬಳದ ಮೂವರು ಟೆಕ್ನೀಷಿಯನ್‌ಗಳು, 14.4 ಲಕ್ಷ. ಪಿಕಿಂಗ್‌ಗೆ ಎರಡು ಶಿಫ್ಟ್ ಸೇರಿ 14 ಜನ, ಪಟ್ಟಿಯಲ್ಲಿ 19. ಮಾರುವವರು ನಿಮ್ಮ ಇವತ್ತಿನ 63 ಜನರ ಜೊತೆ ಹೋಲಿಸುತ್ತಾರೆ: 44 ಜನ ಕಡಿಮೆ, ವರ್ಷಕ್ಕೆ 1.16 ಕೋಟಿ. ನಿರ್ವಹಣೆ, ಟೆಕ್ನೀಷಿಯನ್ ಕಳೆದು 54 ಲಕ್ಷ. ಹಣ ವಾಪಸ್ ಬರಲು ಹನ್ನೊಂದು ವರ್ಷ. ಸ್ಲಾಟಿಂಗ್ ಸರಿಮಾಡಿದ ಮೇಲಿನ 47 ಜನರ ಜೊತೆ ಹೋಲಿಸಿದರೆ 28 ಜನ ಕಡಿಮೆ, 73.9 ಲಕ್ಷ. ಖರ್ಚು ಕಳೆದರೆ ಉಳಿಯುವುದು ಹನ್ನೊಂದೂವರೆ ಲಕ್ಷ. ಐವತ್ತು ವರ್ಷಕ್ಕೂ ಹೆಚ್ಚು. ಪುಟ್ ವಾಲ್ ಹಾಕಿದ ಗೋದಾಮಿನ ಜೊತೆ ಹೋಲಿಸಿದರೆ ವರ್ಷ ವರ್ಷವೂ ನಷ್ಟವೇ.

ಇದೇ ಯಂತ್ರ ಅಮೆರಿಕದಲ್ಲಿ ಯಾಕೆ ಕೂಡಿಬರುತ್ತದೆ? 2018ರ ನವೆಂಬರ್‌ನಲ್ಲಿ ಅಮೆಜಾನ್ ಅಲ್ಲಿ ಕೊಡುವ ಕನಿಷ್ಠ ಕೂಲಿಯನ್ನು ಗಂಟೆಗೆ 15 ಡಾಲರ್ ಮಾಡಿತು, ಆಮೇಲೆ ಅದು ಏರಿದೆ. ಆ 15ನ್ನೇ ಹಿಡಿದರೂ ವರ್ಷಕ್ಕೆ 2,080 ಗಂಟೆಯಂತೆ ತಿಂಗಳಿಗೆ 2,600 ಡಾಲರ್. ಡಾಲರಿಗೆ 85 ರೂಪಾಯಿಯಂತೆ 2.21 ಲಕ್ಷ, ನಮ್ಮ ಹತ್ತು ಪಟ್ಟು. ಆ 28 ಜನರ ಉಳಿತಾಯ ಅಲ್ಲಿ ವರ್ಷಕ್ಕೆ 7.4 ಕೋಟಿ ರೂಪಾಯಿ. ಟೆಕ್ನೀಷಿಯನ್‌ಗೆ ಅಲ್ಲಿಯ ಸಂಬಳ ಕೊಟ್ಟರೂ ಒಂದೂವರೆ ವರ್ಷದೊಳಗೆ ಹಣ ಬರುತ್ತದೆ. ಹೀಗಾಗಿ ಅಲ್ಲಿಯ ವಿಡಿಯೋ ನೋಡಿ ಇಲ್ಲಿ ಆರ್ಡರ್ ಕೊಡಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಹಾಗಾದರೆ ನಮ್ಮಲ್ಲಿ ರೋಬೋಟ್ ಯಾರಿಗೆ? ಮೂರು ಶಿಫ್ಟ್ ನಡೆಯುವ ಕಡೆ, ಸಾಮಾನಿನ ಬಗೆ ಲಕ್ಷ ದಾಟಿ ನಡಿಗೆ ತೀರಾ ಉದ್ದವಾದ ಕಡೆ, ತಪ್ಪು ಸಾಮಾನು ಹೋದರೆ ದೊಡ್ಡ ನಷ್ಟವಾಗುವ ಔಷಧಿ ಅಥವಾ ಬಿಡಿಭಾಗದ ಕಡೆ. ಜಾಗ ಉಳಿಯುತ್ತದೆ ಎಂಬ ಮಾತನ್ನೂ ಪರೀಕ್ಷಿಸಿ. ಹೊಸ ಶೆಡ್‌ಗಳ ಎತ್ತರ ಹತ್ತು ಹನ್ನೆರಡು ಮೀಟರ್, ಇಂಥ ರೋಬೋಟ್ ಹೊರುವ ರ್‍ಯಾಕ್ ಎರಡೂವರೆ ಮೀಟರ್ ಆಸುಪಾಸು. ಮೆಜ್ಜನೈನ್, ಅಂದರೆ ನಡುವೆ ಇನ್ನೊಂದು ಅಟ್ಟದ ನೆಲ, ಕಟ್ಟದಿದ್ದರೆ ಮೇಲಿನ ಗಾಳಿಗೂ ಬಾಡಿಗೆ ಕಟ್ಟುತ್ತೀರಿ.

ಇಷ್ಟೆಲ್ಲ ಮಾತಾಡುವಾಗ ಪ್ಯಾಕಿಂಗ್ ಮರೆತೇ ಹೋಗುತ್ತದೆ. ಗಂಟೆಗೆ 40 ಆರ್ಡರ್ ಪ್ಯಾಕ್ ಮಾಡಿದರೆ 12,000 ಆರ್ಡರ್‌ಗೆ ಅಲ್ಲಿಯೂ 47 ಜನ ಬೇಕು. ರೋಬೋಟ್ ಆ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿ ಸಮಯ ಹೋಗುವುದು ಯಾವ ಅಳತೆಯ ಕವರ್ ಎಂದು ಯೋಚಿಸುವುದರಲ್ಲಿ, ಲೇಬಲ್ ಬರಲು ಕಾಯುವುದರಲ್ಲಿ, ಟೇಪ್ ಕತ್ತರಿಸುವುದರಲ್ಲಿ, ಮುಗಿದ ಕವರ್ ತರಲು ಎದ್ದುಹೋಗುವುದರಲ್ಲಿ. ಕವರ್ ಅಳತೆಯನ್ನು ಸಿಸ್ಟಮ್ ಹೇಳಲಿ, ಪ್ರತಿ ಟೇಬಲ್‌ಗೂ ಒಂದು ಲೇಬಲ್ ಪ್ರಿಂಟರ್ ಇರಲಿ, ಟೇಪ್ ಬೇಡದ ಅಂಟಿನ ಕವರ್ ಬರಲಿ, ಒಬ್ಬರು ಸುತ್ತಾಡಿ ಕವರ್ ತುಂಬಿಸುತ್ತಿರಲಿ. ಗಂಟೆಗೆ 55 ಮುಟ್ಟಿದರೆ 34 ಜನ ಸಾಕು. ಪಟ್ಟಿಯಲ್ಲಿ 63 ಇದ್ದದ್ದು 46, ವರ್ಷಕ್ಕೆ ಸುಮಾರು 45 ಲಕ್ಷ. ಕವರ್ ಅಳತೆ ಸರಿ ಬರಬೇಕಾದರೆ ಸಾಮಾನಿನ ಉದ್ದ, ಅಗಲ, ಎತ್ತರ, ತೂಕ ಸಿಸ್ಟಮ್‌ನಲ್ಲಿ ಸರಿ ಇರಬೇಕು. ಎಲ್ಲದಕ್ಕೂ 10, 10, 10 ಎಂದು ತುಂಬಿಸಿಟ್ಟಿರುವವರು ಮೊದಲು ಓಡುವ ಮೂರು ಸಾವಿರ ಸಾಮಾನನ್ನಾದರೂ ಅಳೆದು ಹಾಕಿ.

ವಿಂಗಡಣೆ

ನಮ್ಮ ಕೂಲಿ ದರದಲ್ಲೂ ಯಂತ್ರ ಗೆಲ್ಲುವ ಜಾಗ ಕೊರಿಯರ್ ಹಬ್, ಅಂದರೆ ಪಾರ್ಸೆಲ್‌ಗಳನ್ನು ಊರೂರಿಗೆ ವಿಂಗಡಿಸುವ ಕೇಂದ್ರ. ದಿನಕ್ಕೆ 1.2 ಲಕ್ಷ ಪಾರ್ಸೆಲ್ ಬರುವ ಹಬ್ ಹಿಡಿಯಿರಿ. ಕೈಯಲ್ಲಿ ಪಿನ್‌ಕೋಡ್ ಓದಿ ಚೀಲಕ್ಕೆ ಹಾಕುವವರು ಗಂಟೆಗೆ 250 ಮಾಡಿದರೆ 74 ಜನ. ಕ್ರಾಸ್‌ಬೆಲ್ಟ್ ಸಾರ್ಟರ್‌ನಲ್ಲಿ, ಅಂದರೆ ಲೇಬಲ್ ಓದಿ ಪ್ರತಿ ಪಾರ್ಸೆಲನ್ನು ಅದರ ಚೀಲಕ್ಕೆ ಬೀಳಿಸುವ ಯಂತ್ರದಲ್ಲಿ, ಪಾರ್ಸೆಲ್ ಇಡುವವರು ಗಂಟೆಗೆ 1,200 ಇಡಬಲ್ಲರು. ಅವರು 16, ತುಂಬಿದ ಚೀಲ ಬದಲಿಸುವವರು 16, ಓದಲಾಗದ ಪಾರ್ಸೆಲ್ ನೋಡುವವರು 4. ಒಟ್ಟು 36. ಪಟ್ಟಿಯ ಲೆಕ್ಕದಲ್ಲಿ ಸುಮಾರು 50 ಜನ ಕಡಿಮೆ, ವರ್ಷಕ್ಕೆ ಸುಮಾರು 1.32 ಕೋಟಿ ಉಳಿತಾಯ. ಇದರ ಮೇಲೆ ತಪ್ಪು ವಿಂಗಡಣೆಯ ಉಳಿತಾಯ. 560020 ಬೆಂಗಳೂರಿನ ಶೇಷಾದ್ರಿಪುರ, 580020 ಹುಬ್ಬಳ್ಳಿ. ರಾತ್ರಿ ಎರಡು ಗಂಟೆಗೆ ದಣಿದ ಕಣ್ಣಿಗೆ 6 ಮತ್ತು 8 ಒಂದೇ. ಆ ಒಂದು ಅಂಕಿಗೆ ಪಾರ್ಸೆಲ್ ನಾನೂರು ಕಿಲೋಮೀಟರ್ ಹೋಗಿ ವಾಪಸ್ ಬರುತ್ತದೆ. ಆದರೆ ದಿನಕ್ಕೆ 12,000 ಆರ್ಡರ್ ಕಳಿಸಿ ಹತ್ತು ಹದಿನೈದು ಚೀಲಕ್ಕೆ ವಿಂಗಡಿಸುವ ಗೋದಾಮಿಗೆ ಸಾರ್ಟರ್ ಬೇಡ, ಯಾವ ಚೀಲಕ್ಕೆ ಹಾಕಬೇಕು ಎಂದು ದೀಪ ತೋರಿಸುವ ಸ್ಟ್ಯಾಂಡ್ ಸಾಕು.

ಎಲ್ಲಿ ಕೆಡುತ್ತದೆ

ಹೆಚ್ಚು ಕೆಡುವುದು ಸಣ್ಣ ವಿಷಯಗಳಲ್ಲಿ. ರೋಲರ್ ಕನ್ವೇಯರ್ ಮೇಲೆ ಹೋಗುವ ಅತಿ ಚಿಕ್ಕ ಪಾರ್ಸೆಲ್‌ನ ಕೆಳಗೆ ಯಾವಾಗಲೂ ಕನಿಷ್ಠ ಮೂರು ರೋಲರ್ ಇರಬೇಕು. ರೋಲರ್ ನಡುವಿನ ಅಂತರ 75 ಮಿಲಿಮೀಟರ್ ಆದರೆ 225 ಮಿಲಿಮೀಟರಿಗಿಂತ ಚಿಕ್ಕದು ಸಿಕ್ಕಿಕೊಳ್ಳುತ್ತದೆ. ನಮ್ಮಲ್ಲಿ ಬಹುಪಾಲು ಹೋಗುವುದು ಮೆತ್ತನೆಯ ಪ್ಲಾಸ್ಟಿಕ್ ಕವರ್. ಅದಕ್ಕೆ ರೋಲರ್ ಬೇಡವೇ ಬೇಡ, ಬೆಲ್ಟ್ ಹಾಕಿಸಿ. ಡಬ್ಬಿಗಳನ್ನಷ್ಟೇ ಓಡಿಸಿ ತೋರಿಸುವ ಡೆಮೋದಲ್ಲಿ ಇದು ಗೊತ್ತಾಗುವುದಿಲ್ಲ. ಹೊಳೆಯುವ ಕವರ್ ಫೋಟೋ ಸೆನ್ಸರ್‌ಗೆ ಮೋಸ ಮಾಡುತ್ತದೆ. ಕವರ್‌ನ ಮಡಿಕೆಯ ಮೇಲೆ ಅಂಟಿಸಿದ ಲೇಬಲ್ ಓದುವುದಿಲ್ಲ. ಸ್ಕ್ಯಾನರ್ 98% ಓದುತ್ತದೆ ಎಂದರೆ ಕೇಳಲು ಚೆಂದ, 1.2 ಲಕ್ಷದಲ್ಲಿ ಉಳಿದ 2% ಎಂದರೆ 2,400 ಪಾರ್ಸೆಲ್, ಪ್ರತಿಯೊಂದನ್ನೂ ಯಾರಾದರೂ ಕೈಯಲ್ಲಿ ಎತ್ತಿ ನೋಡಬೇಕು.

ನೆಲ ಇನ್ನೊಂದು. ಚದರ ಮೀಟರಿಗೆ 5 ಟನ್ ತಾಳುತ್ತದೆ ಎಂದು ಶೆಡ್ ಮಾಲೀಕರು ಹೇಳುವುದು ಹರಡಿದ ಭಾರಕ್ಕೆ. ತುಂಬಿದ ರ್‍ಯಾಕ್ ಹೊತ್ತ ರೋಬೋಟ್ ಅಷ್ಟೂ ಭಾರವನ್ನು ಕೆಲವೇ ಸಣ್ಣ ಚಕ್ರಗಳ ಮೇಲೆ ಹಾಕುತ್ತದೆ, ಅದೇ ಗೆರೆಯ ಮೇಲೆ ದಿನಕ್ಕೆ ಸಾವಿರ ಸಲ. ಕಾಂಕ್ರೀಟ್ ಜೋಡಣೆಯ ಅಂಚು ಮೊದಲು ಒಡೆಯುವುದು. ಲಾರಿ ನಿಲ್ಲುವ ಡಾಕ್ ಬಾಗಿಲಿನಿಂದ ಬರುವ ಕೆಂಪು ಧೂಳು, ರೋಬೋಟ್‌ಗೆ ದಾರಿ ತೋರಿಸುವ ನೆಲದ ಕ್ಯೂಆರ್ ಕೋಡ್ ಮುಚ್ಚಿದರೆ ರೋಬೋಟ್ ನಿಂತುಬಿಡುತ್ತದೆ. ದಿನಕ್ಕೊಮ್ಮೆ ಯಂತ್ರದಲ್ಲಿ ಗುಡಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ವೈಫೈ ಸರ್ವೆಯನ್ನು ಖಾಲಿ ಶೆಡ್‌ನಲ್ಲಿ ಮಾಡಿಸಿದರೆ ವ್ಯರ್ಥ. ಎಣ್ಣೆ, ನೀರಿನ ಬಾಟಲಿ, ತಗಡಿನ ಡಬ್ಬ ತುಂಬಿದ ಮೇಲೆ ಸಿಗ್ನಲ್ ಬೇರೆಯೇ. ಕರೆಂಟು ಹೋಗಿ ಜನರೇಟರ್ ಹಿಡಿಯುವ ಹದಿನೈದು ಇಪ್ಪತ್ತು ಸೆಕೆಂಡು ಬಲ್ಬಿಗೆ ಲೆಕ್ಕವಲ್ಲ. ಸರ್ವರ್, ಕಂಟ್ರೋಲ್ ಪ್ಯಾನೆಲ್, ವೈಫೈಗೆ ಯುಪಿಎಸ್ ಇಲ್ಲದಿದ್ದರೆ ಸಾರ್ಟರ್ ಮೇಲಿದ್ದ ಪಾರ್ಸೆಲ್‌ಗಳ ಜಾಡೇ ತಪ್ಪಿ ಎಲ್ಲವನ್ನೂ ಕೆಳಗಿಳಿಸಿ ಮತ್ತೆ ಸ್ಕ್ಯಾನ್ ಮಾಡಬೇಕಾಗುತ್ತದೆ.

ಬ್ಯಾಟರಿ ಬೆಂಕಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಗ್ಲೆಂಡಿನ ಒಕಾಡೋ ಕಂಪನಿಯ ಆಂಡೋವರ್ ಗೋದಾಮು 2019ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು, ಶುರುವಾದದ್ದು ರೋಬೋಟ್ ಚಾರ್ಜ್ ಮಾಡುವ ಜಾಗದಿಂದ. 2021ರ ಜುಲೈನಲ್ಲಿ ಅವರದೇ ಎರಿತ್ ಗೋದಾಮಿನಲ್ಲಿ ಮೂರು ರೋಬೋಟ್ ಡಿಕ್ಕಿಯಾಗಿ ಬೆಂಕಿ ಹತ್ತಿತು. ಚಾರ್ಜಿಂಗ್ ಜಾಗ ಸಾಮಾನಿನಿಂದ ದೂರ, ಮೇಲೆ ಸ್ಪ್ರಿಂಕ್ಲರ್, ಪಕ್ಕದಲ್ಲಿ ಎಲ್ಲ ರೋಬೋಟ್‌ಗಳನ್ನೂ ನಿಲ್ಲಿಸುವ ಗುಂಡಿ. ಆ ಗುಂಡಿ ರಾತ್ರಿ ಶಿಫ್ಟ್‌ನ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಸ್ಟೇಷನ್‌ನಲ್ಲಿ ನಿಲ್ಲುವವರ ಮೈಯ ಬಗ್ಗೆಯೂ ಹೇಳಲೇಬೇಕು. ನಡಿಗೆ ತಪ್ಪಿತು ನಿಜ, ಆದರೆ ಗಂಟೆಗೆ 200ರಂತೆ ಒಂದು ಶಿಫ್ಟ್‌ಗೆ 1,300 ಸಲ ಅದೇ ಸೊಂಟ, ಅದೇ ಭುಜ ತಿರುಗುತ್ತದೆ. ಕಾಲ ಕೆಳಗೆ ರಬ್ಬರ್ ಮ್ಯಾಟ್, ಎತ್ತರ ಬದಲಿಸಬಹುದಾದ ಮೇಜು, ಎರಡು ಗಂಟೆಗೊಮ್ಮೆ ಕೆಲಸದ ಬದಲಾವಣೆ ಇಲ್ಲದಿದ್ದರೆ ನಾಲ್ಕೇ ತಿಂಗಳಲ್ಲಿ ಜನ ಬಿಟ್ಟು ಹೋಗುತ್ತಾರೆ, ಹೋಗುವಾಗ ಬೆನ್ನು ನೋವನ್ನೂ ಒಯ್ಯುತ್ತಾರೆ. ಹಳೆಯ ಪಿಕ್ಕರ್‌ಗಳಲ್ಲಿ ಚುರುಕಾದ ಇಬ್ಬರನ್ನು ಟೆಕ್ನೀಷಿಯನ್ ಜೊತೆ ಮೊದಲ ದಿನದಿಂದಲೇ ಕಲಿಯಲು ಬಿಡಿ. ಸಿಕ್ಕಿಕೊಂಡ ಕ್ರೇಟ್ ಬಿಡಿಸಲು, ಸೆನ್ಸರ್ ಒರೆಸಲು ಬೇರೆ ಊರಿನಿಂದ ಎಂಜಿನಿಯರ್ ಬರುವವರೆಗೆ ಕಾಯಬೇಕಾಗುವುದಿಲ್ಲ. ಉಳಿದವರ ಸಂಖ್ಯೆಯನ್ನು ಕೆಲಸ ಬಿಟ್ಟು ಹೋದವರ ಜಾಗ ತುಂಬದೆ ಇಳಿಸಬಹುದು. ಜನ ಬಂದು ಹೋಗುತ್ತಲೇ ಇರುವ ಈ ಉದ್ಯೋಗದಲ್ಲಿ ಅದಕ್ಕೆ ಬಹಳ ತಿಂಗಳು ಹಿಡಿಯುವುದಿಲ್ಲ.

ಕೊನೆಗೆ ಸೀಸನ್. ದಸರಾ, ದೀಪಾವಳಿ ಸೇಲ್‌ನಲ್ಲಿ ಆರ್ಡರ್ ಮೂರು ಪಟ್ಟು ಆಗುತ್ತದೆ, ಅದೇ ವಾರ ಊರಿಗೆ ಹೋಗುವವರಿಂದ ಹಾಜರಿ ಇಳಿಯುತ್ತದೆ. ಆ ಮೂರು ಪಟ್ಟಿಗೆ ತಕ್ಕಂತೆ ಯಂತ್ರ ಕೊಂಡರೆ ಉಳಿದ ಹನ್ನೊಂದು ತಿಂಗಳು ಅದರ ಮೂರನೇ ಎರಡು ಪಾಲು ಸುಮ್ಮನೆ ನಿಂತಿರುತ್ತದೆ. ವರ್ಷದ ಹತ್ತರಲ್ಲಿ ಎಂಟು ದಿನಕ್ಕೆ ಸಾಕಾಗುವಷ್ಟು ಯಂತ್ರ ಹಾಕಿ, ಮೇಲಿನದಕ್ಕೆ ಟ್ರಾಲಿ ಮತ್ತು ಹ್ಯಾಂಡ್‌ಹೆಲ್ಡ್ ಸಾಲುಗಳನ್ನು ಹಾಗೇ ಉಳಿಸಿಕೊಳ್ಳಿ. ಒಪ್ಪಂದದಲ್ಲಿ ಪರೀಕ್ಷೆಯ ಷರತ್ತು ಸ್ಪಷ್ಟವಾಗಿರಲಿ: ನಿಮ್ಮದೇ ಸಾಮಾನು, ನಿಮ್ಮದೇ ಕವರ್, ನಿಮ್ಮದೇ ಜನ, ಐದು ದಿನ ಸತತ, ಗಂಟೆಗೆ ಇಷ್ಟು ಲೈನ್, ಓದಲಾಗದ ಪಾರ್ಸೆಲ್‌ಗಳನ್ನೂ ಸೇರಿಸಿ. ಬೆಲ್ಟ್, ಸೆನ್ಸರ್, ಮೋಟರ್ ಡ್ರೈವ್, ಚಾರ್ಜರ್‌ನ ಬಿಡಿಭಾಗಗಳು ನಿಮ್ಮ ಗೋದಾಮಿನಲ್ಲೇ ಇರಲಿ. ಮತ್ತು ಮೊದಲ ದೀಪಾವಳಿ ದಾಟುವವರೆಗೆ ಬೆಲೆಯ ಕೊನೆಯ 15% ಕೊಡಬೇಡಿ.